ಕಾಲುವೆಯ ಕೊನೆಯಂಚಿನಲ್ಲೊಂದು ಮೋಟಾರ್

ಫೆಬ್ರವರಿಯ ಒಂದು ಬೆಳಗ್ಗೆ ಗಂಗಾವತಿ ಸಮೀಪದ ನಮ್ಮ ಕೆರೆಗೆ ಅಕ್ಕನ ಮಗ ತನ್ನ ರಿಮೋಟ್ ದೋಣಿಯನ್ನು ಬಿಟ್ಟ. ಎರಡೂವರೆ ಅಡಿ ಉದ್ದದ ದೋಣಿ. ನೀರನ್ನು ಸೀಳಿಕೊಂಡು ಮೂರು ಸುತ್ತು ಓಡಿತು, ನಾಲ್ಕನೆಯದರಲ್ಲಿ ನಡುಗೆರೆಯಲ್ಲೇ ನಿಂತುಬಿಟ್ಟಿತು. ಮೀನು ಹಿಡಿಯುವವರೊಬ್ಬರು ಹರಿಗೋಲಿನಲ್ಲಿ ಹೋಗಿ ತಂದುಕೊಟ್ಟರು. ದಡದಲ್ಲಿ ಬ್ಯಾಟರಿಗೆ ಮೀಟರ್ ಹಚ್ಚಿದರೆ 15.2 ವೋಲ್ಟ್ ತೋರಿಸಿತು. ನಾಲ್ಕು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ 16.8 ವೋಲ್ಟ್ ಇರುತ್ತದೆ. 15.2 ಎಂದರೆ ಸುಮಾರು ಅರ್ಧ ಚಾರ್ಜ್ ಇನ್ನೂ ಉಳಿದಿದೆ ಎಂದರ್ಥ.

“ಮಾಮಾ, ಅರ್ಧ ಬ್ಯಾಟರಿ ಇದೆಯಲ್ಲ, ಮತ್ತೆ ಯಾಕೆ ನಿಂತಿತು?” ಎಂದು ಅವನು ಕೇಳಿದ.

ಉತ್ತರ ನಮ್ಮೂರಿನ ಪಕ್ಕದಲ್ಲೇ ಹರಿಯುತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹೊರಟು 227 ಕಿಲೋಮೀಟರ್ ಸಾಗಿ ರಾಯಚೂರು ತಲುಪುತ್ತದೆ. ಜಲಾಶಯ ತುಂಬಿದ್ದರೂ ಮಾನ್ವಿ, ಸಿರವಾರದ ಕಡೆಯ ರೈತರು ನೀರಿಗಾಗಿ ರಸ್ತೆಗೆ ಇಳಿಯುವ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ! ಮೇಲ್ಭಾಗದಲ್ಲಿ ಎಷ್ಟಿದೆ ಎನ್ನುವುದು ಒಂದು ಲೆಕ್ಕ, ಹರಿಯುವಾಗ ಕೊನೆಯಂಚಿಗೆ ಎಷ್ಟು ಮುಟ್ಟುತ್ತದೆ ಎನ್ನುವುದು ಬೇರೆಯೇ ಲೆಕ್ಕ. ದೋಣಿಯಲ್ಲಿ ಬ್ಯಾಟರಿಯೇ ಜಲಾಶಯ, ಮೋಟಾರ್ ಕೊನೆಯಂಚಿನ ಹೊಲ. ದಡದಲ್ಲಿ ನಾವು ಅಳೆದದ್ದು ತೂಬು ಮುಚ್ಚಿದ ಜಲಾಶಯದ ಮಟ್ಟವನ್ನು.

ದೋಣಿ ಪೂರ್ಣ ವೇಗದಲ್ಲಿದ್ದಾಗ ಸುಮಾರು 140 ಆಂಪಿಯರ್ ಹರಿಯುತ್ತಿತ್ತು. ಬ್ಯಾಟರಿ ಹಳೆಯದು, ಒಂದೊಂದು ಸೆಲ್ಲಿನ ಆಂತರಿಕ ರೋಧ 4 ಮಿಲಿಓಮ್. ನಾಲ್ಕಕ್ಕೂ ಸೇರಿ 16. ಹೋಗಿ ಬರುವ ತಂತಿ ಒಟ್ಟು 40 ಸೆಂಟಿಮೀಟರ್, 12 ಗೇಜಿನದು, ಅದಕ್ಕೆ 2 ಮಿಲಿಓಮ್. ಕನೆಕ್ಟರಿಗೆ ಅರ್ಧ ಎಂದಿಟ್ಟುಕೊಳ್ಳಿ. ಒಟ್ಟು ಹದಿನೆಂಟೂವರೆ ಮಿಲಿಓಮ್. ಒಂದು ಓಮ್‌ನ ಐವತ್ತನೆಯ ಒಂದು ಪಾಲೂ ಅಲ್ಲ, ಮನೆಯ ವೈರಿಂಗಿನಲ್ಲಿ ಯಾರೂ ಗಮನಿಸದಷ್ಟು ಸಣ್ಣದು. ಆದರೆ ಅದನ್ನು 140ರಿಂದ ಗುಣಿಸಿದರೆ 2.6 ವೋಲ್ಟ್ ದಾರಿಯಲ್ಲೇ ಕಳೆದುಹೋಯಿತು. ಇಎಸ್‌ಸಿ ಎಂದು ಕರೆಯುವ ವೇಗ ನಿಯಂತ್ರಕಕ್ಕೆ ಮುಟ್ಟಿದ್ದು 12.6 ವೋಲ್ಟ್ ಮಾತ್ರ. ಸೆಲ್ಲಿಗೆ 3.2ರಂತೆ 12.8ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಕಾಪಾಡಲು ಅದು ಮೋಟಾರನ್ನು ನಿಲ್ಲಿಸುತ್ತದೆ. ಅಂದು ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಕಳೆದುಹೋದದ್ದು ಮಾಯವಾಗುವುದಿಲ್ಲ, ಬಿಸಿಯಾಗುತ್ತದೆ. ಈ ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣ: ಆಂಪಿಯರ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ನಮ್ಮ ಲೆಕ್ಕದಲ್ಲಿ ಅದು ಸುಮಾರು 365 ವಾಟ್. 750 ವಾಟಿನ ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು ಶಾಖವನ್ನು ಗಾಳಿಯಾಡದ ಪುಟ್ಟ ದೋಣಿಯೊಳಗೆ ಮುಚ್ಚಿಟ್ಟಂತೆ.

ಇಲ್ಲಿ ನಮ್ಮ ರೈತರಿಗೆ ಗೊತ್ತಿರುವ ಇನ್ನೊಂದು ಸಂಗತಿ ನೆರವಿಗೆ ಬರುತ್ತದೆ. ಮೂರು ಫೇಸಿನ 3 ಎಚ್‌ಪಿ ಪಂಪ್‌ಸೆಟ್ ಎಳೆಯುವುದು ಸುಮಾರು 5 ಆಂಪಿಯರ್. ನಮ್ಮ ದೋಣಿ ಅದಕ್ಕಿಂತ ಕಡಿಮೆ ಶಕ್ತಿಯದು, ಆದರೂ 140 ಆಂಪಿಯರ್ ಬೇಡುತ್ತದೆ. ವ್ಯತ್ಯಾಸ ವೋಲ್ಟೇಜಿನದು. ಪಂಪಿಗೆ 415 ವೋಲ್ಟ್, ದೋಣಿಗೆ 15. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಹೊರಡುವ ತಂತಿಗಳಲ್ಲಿ 220 ಕಿಲೋವೋಲ್ಟ್ ಹರಿಸುವುದೂ ಇದೇ ಕಾರಣಕ್ಕೆ. ಹಾಗಾಗಿ ಹೆಚ್ಚು ಶಕ್ತಿಯ ದೋಣಿ ಕಟ್ಟುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಆಂಪಿಯರ್ ಹೆಚ್ಚಿಸುವ ಬದಲು ಸೆಲ್ ಹೆಚ್ಚಿಸಿ. ಅದೇ ಶಕ್ತಿಯನ್ನು ಆರು ಸೆಲ್‌ಗಳಿಂದ ಪಡೆದರೆ ಸುಮಾರು 90 ಆಂಪಿಯರ್ ಸಾಕು. ಅದೇ ತಂತಿಯಲ್ಲಿನ ನಷ್ಟ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ.

ಆದರೆ ನಾಲ್ಕು ಸೆಲ್ಲಿನ ಮೋಟಾರಿಗೆ ಆರು ಸೆಲ್ ಹಚ್ಚಿ ಬಿಟ್ಟರೆ ಅನಾಹುತ ಖಂಡಿತ. ಪ್ರೊಪೆಲ್ಲರ್ ನುಂಗುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೋಲ್ಟೇಜ್ ಒಂದೂವರೆ ಪಟ್ಟಾದರೆ ಬೇಡಿಕೆ ಮೂರು ಪಟ್ಟನ್ನೂ ಮೀರುತ್ತದೆ. ಮೋಟಾರಿನ ಮೇಲೆ ಬರೆದಿರುವ ಕೆವಿ ಎಂಬ ಅಂಕಿ, ಒಂದು ವೋಲ್ಟಿಗೆ ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಹೇಳುತ್ತದೆ. ನಾಲ್ಕು ಸೆಲ್ಲಿಗೆ 2,000 ಇದ್ದರೆ ಆರು ಸೆಲ್ಲಿಗೆ 1,300ರ ಆಸುಪಾಸಿನದು ಬೇಕು. ಇಎಸ್‌ಸಿ ಎಷ್ಟು ಸೆಲ್ ತಡೆಯುತ್ತದೆ ಎಂಬುದನ್ನೂ ನೋಡಬೇಕು. ಪ್ರೊಪೆಲ್ಲರಿನ ಅಳತೆಯಂತೂ ಇನ್ನೂ ನಿಷ್ಠುರ. ಅದೇ ವೇಗದಲ್ಲಿ ತಿರುಗುವಾಗ ಬೇಡುವ ಶಕ್ತಿ ವ್ಯಾಸದ ಐದನೆಯ ಘಾತಕ್ಕೆ ಅನುಗುಣ. 40 ಮಿಲಿಮೀಟರಿನ ಬದಲು ಅದೇ ಆಕಾರದ 44ರದನ್ನು ಹಾಕಿದರೆ, ಕಣ್ಣಿಗೆ ಕಾಣದಷ್ಟು ಆ ವ್ಯತ್ಯಾಸಕ್ಕೆ ಶೇ 60ರಷ್ಟು ಹೆಚ್ಚು ಶಕ್ತಿ ಬೇಕು. ರಿಮೋಟ್ ರೇಸಿಂಗ್ ಕಾರು ಮೋಟಾರಿಗೆ ಶಕ್ತಿ ಕೊಡದಿದ್ದರೂ ನೆಲದ ಮೇಲೆ ಉರುಳಿಕೊಂಡು ಹೋದೀತು. ದೋಣಿ ಗಾಳಿಗಿಂತ 800 ಪಟ್ಟು ಸಾಂದ್ರವಾದ ನೀರನ್ನು ತಳ್ಳುತ್ತಲೇ ಇರಬೇಕು, ಉಸಿರಾಡಲು ಪುರಸೊತ್ತಿಲ್ಲ. ಅಂತರಗಂಗೆಯ ಬೇರು ಸುತ್ತಿಕೊಂಡು ಪ್ರೊಪೆಲ್ಲರ್ ನಿಂತರೆ ತಕ್ಷಣ ಥ್ರಾಟಲ್ ಬಿಡಿ. ತಿರುಗುವ ಮೋಟಾರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಪ್ರವಾಹವನ್ನು ತಡೆದುಕೊಳ್ಳುತ್ತದೆ. ನಿಂತ ಮೋಟಾರ್ ಬರೀ ತಾಮ್ರದ ಸುರುಳಿ. ಜಾಮ್ ಆದ ಪಂಪಿನ ಕಾಯಿಲ್ ಸುಡುವುದೂ ಹೀಗೆಯೇ.

ತಂತಿಯ ವಿಷಯಕ್ಕೆ ಬರೋಣ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ನಮ್ಮ 12 ಗೇಜ್ ಎಂದರೆ 3.3 ಚದರ ಮಿಲಿಮೀಟರ್. ಅದರಲ್ಲೇ 41 ವಾಟ್ ಸುಡುತ್ತಿತ್ತು. 8 ಗೇಜ್ ಎಂದರೆ 8.4 ಚದರ ಮಿಲಿಮೀಟರ್. ಬ್ಯಾಟರಿಯನ್ನು ಇಎಸ್‌ಸಿಯ ಹತ್ತಿರಕ್ಕೆ ಸರಿಸಿ ಉದ್ದವನ್ನು 20 ಸೆಂಟಿಮೀಟರಿಗೆ ಇಳಿಸಿ, ದಪ್ಪ ತಂತಿ ಹಾಕಿ, 90 ಆಂಪಿಯರಿನಲ್ಲಿ ಓಡಿಸಿದರೆ ಅದೇ ನಷ್ಟ ಮೂರು ನಾಲ್ಕು ವಾಟಿಗೆ ಬಂದು ನಿಲ್ಲುತ್ತದೆ. ತಂತಿ ಸಿಲಿಕೋನ್ ಹೊದಿಕೆಯದೇ ಆಗಬೇಕು. ಅದು 200 ಡಿಗ್ರಿಯವರೆಗೆ ತಾಳುತ್ತದೆ. ಮನೆಯ ಪಿವಿಸಿ ತಂತಿಯ ಮಿತಿ 70 ಡಿಗ್ರಿ.

ಉದ್ದ ಕಡಿಮೆ ಮಾಡಲು ಇನ್ನೊಂದು ಬಲವಾದ ಕಾರಣವಿದೆ. ಇಎಸ್‌ಸಿ ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಉದ್ದನೆಯ ಪೈಪ್‌ಲೈನಿನಲ್ಲಿ ನೀರು ಓಡುತ್ತಿರುವಾಗ ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪು ಗುದ್ದಿದಂತೆ ಸದ್ದಾಗುವುದನ್ನು, ಕೆಲವೊಮ್ಮೆ ಒಡೆಯುವುದನ್ನು ಹೊಲದಲ್ಲಿ ನೋಡಿರುತ್ತೀರಿ. ಓಡುವ ನೀರಿಗೆ ಜಡತ್ವವಿದ್ದಂತೆ ತಂತಿಯಲ್ಲಿ ಹರಿಯುವ ಪ್ರವಾಹಕ್ಕೂ ಇದೆ. ತಂತಿ ಉದ್ದವಾದಷ್ಟೂ ಪ್ರತಿ ಕಡಿತದಲ್ಲಿ ವೋಲ್ಟೇಜಿನ ಗುದ್ದು ಜೋರಾಗುತ್ತದೆ. ಅದನ್ನು ನುಂಗಿಕೊಳ್ಳುವುದು ಇಎಸ್‌ಸಿಯ ಬಾಯಲ್ಲಿರುವ ಕೆಪಾಸಿಟರ್‌ಗಳು. ಕಾದು ಕಾದು ಅವು ಒಂದು ದಿನ ಉಬ್ಬುತ್ತವೆ, ಹಿಂದೆಯೇ ಇಎಸ್‌ಸಿ ಸುಡುತ್ತದೆ. ದೋಣಿಯ ವಿನ್ಯಾಸದಿಂದಾಗಿ ಎಲ್ಲಾದರೂ ತಂತಿಯನ್ನು ಬೆಳೆಸಲೇಬೇಕಾದರೆ ಬ್ಯಾಟರಿಯ ಬದಿಯಲ್ಲಿ ಬೇಡ, ಮೋಟಾರಿನ ಬದಿಯ ಮೂರು ತಂತಿಗಳನ್ನು ಬೆಳೆಸಿ. ಬ್ಯಾಟರಿಯ ಬದಿಯೇ ಅನಿವಾರ್ಯವಾದರೆ ಹೆಚ್ಚುವರಿ ಕೆಪಾಸಿಟರ್‌ಗಳನ್ನು ಇಎಸ್‌ಸಿಗೆ ಆದಷ್ಟು ಹತ್ತಿರ ಬೆಸೆಯಿರಿ.

ಕನೆಕ್ಟರಿನ ಹೆಸರಲ್ಲೇ ಅದರ ತಾಕತ್ತಿದೆ: ಎಕ್ಸ್‌ಟಿ60 ಸುಮಾರು 60 ಆಂಪಿಯರಿಗೆ, ಎಕ್ಸ್‌ಟಿ90 ಸುಮಾರು 90ಕ್ಕೆ. ಅದಕ್ಕೂ ಮೇಲೆ 8 ಮಿಲಿಮೀಟರಿನ ಬುಲೆಟ್ ಕನೆಕ್ಟರ್ ಬೇಕು. ಬೆಸುಗೆಗೆ ರೇಡಿಯೊ ರಿಪೇರಿಯ 25 ವಾಟಿನ ಸೋಲ್ಡರಿಂಗ್ ಐರನ್ ಸಾಲದು. ದಪ್ಪ ತಾಮ್ರ ಶಾಖವನ್ನೆಲ್ಲ ಹೀರಿಕೊಂಡು, ಸೀಸ ಮೇಲೆ ಮಾತ್ರ ಕೂತು ಒಳಗೆ ಹಿಡಿಯುವುದಿಲ್ಲ. 80-100 ವಾಟಿನದು ಬೇಕು. ನಮ್ಮೂರಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಈ ಕೆಲಸವನ್ನು ಕಣ್ಣುಮುಚ್ಚಿ ಮಾಡುವವರಿದ್ದಾರೆ. ನಾನು ಅವರಿಂದಲೇ ಕಲಿತೆ.

ಬ್ಯಾಟರಿ ಕೊಳ್ಳುವಾಗ ಲೇಬಲ್ಲಿನ ಸಿ ಅಂಕಿಯನ್ನು, ಅಂದರೆ ಸಾಮರ್ಥ್ಯದ ಎಷ್ಟು ಪಟ್ಟು ಪ್ರವಾಹ ಕೊಡಬಲ್ಲದು ಎನ್ನುವ ಅಂಕಿಯನ್ನು, ಕೈಲೆಕ್ಕದಿಂದ ಪರೀಕ್ಷಿಸಿ. 5 ಆಂಪಿಯರ್-ಅವರ್, 100 ಸಿ ಎಂದಿದ್ದರೆ 500 ಆಂಪಿಯರ್ ಕೊಡುತ್ತೇನೆ ಎಂದರ್ಥ. ಸೆಲ್ಲಿನ ರೋಧ 2 ಮಿಲಿಓಮ್ ಇದ್ದರೂ ಅಷ್ಟು ಪ್ರವಾಹದಲ್ಲಿ ಪ್ರತಿ ಸೆಲ್ ಒಂದು ವೋಲ್ಟ್ ಕಳೆದುಕೊಂಡು 500 ವಾಟ್ ಬಿಸಿ ಉಗುಳುತ್ತದೆ. ಯಾವ ಸೆಲ್ಲೂ ಅದನ್ನು ಬಹಳ ಹೊತ್ತು ತಾಳಲಾರದು. ಆಂತರಿಕ ರೋಧವನ್ನು ಅಳೆಯುವ ಚಾರ್ಜರ್ ಒಂದಿದ್ದರೆ ಲೇಬಲ್ಲಿನ ಹಂಗು ಬೇಕಿಲ್ಲ.

ಎರಡು ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸುವವರು ಎರಡರ ವೋಲ್ಟೇಜೂ ಒಂದೇ ಇದೆಯೇ ಎಂದು ಮೊದಲು ಅಳೆಯಬೇಕು. ಸೆಲ್ಲಿಗೆ 0.4 ವೋಲ್ಟ್ ವ್ಯತ್ಯಾಸವಿದ್ದರೂ ನಾಲ್ಕು ಸೆಲ್ಲಿಗೆ 1.6 ವೋಲ್ಟ್, ಎರಡೂ ಬ್ಯಾಟರಿಗಳ ರೋಧ ಸೇರಿ 16 ಮಿಲಿಓಮ್ ಇದ್ದರೆ ತಾಗಿಸಿದ ಕ್ಷಣದಲ್ಲೇ ಒಂದರಿಂದ ಇನ್ನೊಂದಕ್ಕೆ 100 ಆಂಪಿಯರ್ ನುಗ್ಗುತ್ತದೆ. ನಮ್ಮ ಬೇಸಿಗೆಯನ್ನೂ ಮರೆಯಬಾರದು. ಏಪ್ರಿಲ್‌ನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ನಾಡು ಇದು. ಲಿಥಿಯಂ ಪಾಲಿಮರ್ ಸೆಲ್ 60 ಡಿಗ್ರಿ ದಾಟಬಾರದು. ಅಂದರೆ ನಡುಹಗಲಿನಲ್ಲಿ ನಮಗೆ ಸಿಗುವ ಅವಕಾಶ ಬರೀ 20 ಡಿಗ್ರಿ. ಬೆಳಗಿನ ತಂಪಿನಲ್ಲಿ ಓಡಿಸಿ, ಬಳಸದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟಿನಲ್ಲಿ ತಂಪಾದ ಜಾಗದಲ್ಲಿಡಿ. ಚಾರ್ಜ್ ಮಾಡುವಾಗ ಮನೆಯ ಹೊರಗೆ, ಮಣ್ಣಿನ ಕುಂಡದಲ್ಲಿಟ್ಟು ಕಣ್ಣೆದುರೇ ಮಾಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ.

ದೋಣಿ ಈಗ ಆರು ಸೆಲ್ಲಿನದು. ಕಳೆದ ಭಾನುವಾರ ಪೂರ್ತಿ ಓಟ ಮುಗಿಸಿ ದಡಕ್ಕೆ ಬಂದಾಗ ಅಳಿಯ ಮೀಟರ್ ಹುಡುಕಲಿಲ್ಲ. ಮುಚ್ಚಳ ತೆಗೆದು ಮೊದಲು ತಂತಿಯನ್ನು, ಆಮೇಲೆ ಕನೆಕ್ಟರಿನ ಎರಡೂ ಬದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಕೆಂಪು ತಂತಿಯ ಬದಿ ಕಪ್ಪಿನದಕ್ಕಿಂತ ತುಸು ಹೆಚ್ಚು ಬಿಸಿಯಾಗಿತ್ತು. ಆ ಬೆಸುಗೆಯನ್ನು ಸಂಜೆ ಬಿಚ್ಚಿ ಮತ್ತೆ ಹಾಕಿದೆವು.