ಎಮರ್ಜಿಂಗ್ ಟೆಕ್ನಾಲಜಿ ಅಂದ್ರೇನು, ಅದ್ರಲ್ಲಿ ಬಿಸಿನೆಸ್‌ಗೆ ಅವಕಾಶ ಎಲ್ಲಿಂದ ಬರುತ್ತೆ?

ಎಮರ್ಜಿಂಗ್ ಟೆಕ್ನಾಲಜಿ ಅಂದ ತಕ್ಷಣ ನಿನ್ನೆ ಮೊನ್ನೆ ಕಂಡುಹಿಡಿದಿದ್ದು ಅಂತ ತುಂಬ ಜನ ಅಂದ್ಕೊಳ್ತಾರೆ. ಹಾಗೇನಿಲ್ಲ. ಲ್ಯಾಬಲ್ಲಿ ಹುಟ್ಟಿ ಹತ್ತಿಪ್ಪತ್ತು ವರ್ಷ ಆಗಿದ್ರೂ ಈಗೀಗ ಅಗ್ಗ ಆಗ್ತಾ, ಸಾಮಾನ್ಯ ಜನರ ಕೈಗೂ ಸಿಗ್ತಾ, ಏನೇನಕ್ಕೆ ಉಪಯೋಗಕ್ಕೆ ಬರುತ್ತೆ ಅನ್ನೋದು ಇನ್ನೂ ಪೂರ್ತಿ ತೀರ್ಮಾನ ಆಗದೇ ಇರೋ ತಂತ್ರಜ್ಞಾನಕ್ಕೆ ಹೀಗಂತಾರೆ. ಕಂಪ್ಯೂಟರ್‌ನಲ್ಲಿರೋ ವಿನ್ಯಾಸದ ಪ್ರಕಾರ ವಸ್ತುವನ್ನ ಪದರದ ಮೇಲೆ ಪದರ ಹಾಕಿ ಮಾಡೋ ತ್ರೀಡಿ ಪ್ರಿಂಟಿಂಗ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1986ರಲ್ಲೇ, ಆದ್ರೆ ಅದರಲ್ಲೇ ಇನ್ನೊಂದು ಬಗೆಯಾದ, ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ಕೂರಿಸೋ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೇನೇ ಅಗ್ಗದ ಮಷಿನ್‌ಗಳು ಸಾಲಾಗಿ ಬಂದಿದ್ದು.

ನನ್ನ ಪ್ರಕಾರ ಅವಕಾಶ ಹುಟ್ಟೋದು ಈ ಬೆಲೆ ಇಳಿಯೋ ಜಾಗದಲ್ಲೇ. 2006ರಲ್ಲಿ ಅಮೆಜಾನ್ ತನ್ನ ಕ್ಲೌಡ್ ಸರ್ವೀಸ್ (ಇಂಟರ್ನೆಟ್ ಮೂಲಕ ಕಂಪ್ಯೂಟರ್‌ಗಳನ್ನ ಬಾಡಿಗೆಗೆ ಕೊಡೋ ಸೇವೆ) ಶುರು ಮಾಡೋಕೆ ಮುಂಚೆ ಒಂದು ವೆಬ್‌ಸೈಟ್ ಕಂಪನಿ ಕಟ್ಬೇಕು ಅಂದ್ರೆ ಮೊದ್ಲು ಸರ್ವರ್ ಕೊಳ್ಳೋಕೆ ದುಡ್ಡು ಹೊಂದಿಸ್ಬೇಕಿತ್ತು, ಗಿರಾಕಿ ಬರ್ತಾರೋ ಇಲ್ವೋ ಆಮೇಲಿನ ಮಾತು. ಕ್ಲೌಡ್ ಬಂದ್ಮೇಲೆ ಬಳಸಿದಷ್ಟಕ್ಕೆ ಬಾಡಿಗೆ ಕೊಟ್ರೆ ಸಾಕು ಅಂತಾಯ್ತು. ಆ ಬಾಡಿಗೆ ಸರ್ವರ್ ಮೇಲೇ ಬೆಳೆದ ಇನ್‌ಸ್ಟಾಗ್ರಾಮನ್ನ 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರ್‌ಗೆ ಕೊಳ್ಳೋಕೆ ಒಪ್ಕೊಂಡಾಗ ಅಲ್ಲಿ ಕೆಲಸ ಮಾಡ್ತಿದ್ದವರು ಬರೀ 13 ಜನ!

ಇನ್ನೊಂದು, ಒಂದೇ ತಂತ್ರಜ್ಞಾನದಿಂದ ಹೊಸ ವ್ಯಾಪಾರ ಹುಟ್ಟೋದು ಕಮ್ಮಿ. ಜಿಪಿಎಸ್ ಮಾಡಿದ್ದು ಅಮೆರಿಕದ ಮಿಲಿಟರಿ, 2000ದ ಮೇ ತಿಂಗಳಲ್ಲಿ ಜನಸಾಮಾನ್ಯರಿಗೂ ನಿಖರವಾದ ಸಿಗ್ನಲ್ ಬಿಟ್ರು, ಆದ್ರೆ ಅದು ಫೋನಿಗೆ ಬಂದು, ಮೊಬೈಲ್ ಇಂಟರ್ನೆಟ್ ಬಂದು, 2008ರಲ್ಲಿ ಆಪ್ ಸ್ಟೋರ್ ಬಂದು, ಫೋನಲ್ಲೇ ದುಡ್ಡು ಕಟ್ಟೋ ವ್ಯವಸ್ಥೆನೂ ಸೇರ್ಕೊಂಡ ಮೇಲೆ ತಾನೇ ಕ್ಯಾಬ್ ಆಪ್‌ಗಳು ಬಂದಿದ್ದು. ಇವುಗಳಲ್ಲಿ ಒಂದನ್ನೂ ಕ್ಯಾಬ್ ಕಂಪನಿಗಳು ಕಂಡುಹಿಡಿದಿರಲಿಲ್ಲ, ಜೋಡಿಸಿದ್ರು ಅಷ್ಟೇ.

ಹೊಸ ತಂತ್ರಜ್ಞಾನ ತಂದು ಇಟ್ಕೊಂಡ್ರೆ ಲಾಭ ಬಂದುಬಿಡುತ್ತೆ ಅನ್ನೋದೂ ಸುಳ್ಳು. ಕರೆಂಟ್ ಹೊಸದಾಗಿ ಬಂದಾಗ ಎಷ್ಟೋ ಫ್ಯಾಕ್ಟರಿಯವರು ಸ್ಟೀಮ್ ಎಂಜಿನ್ ತೆಗೆದು ಅದೇ ಜಾಗಕ್ಕೆ ದೊಡ್ಡ ಮೋಟರ್ ಇಟ್ರು, ಆ ಶಕ್ತೀನ ಎಲ್ಲಾ ಮಷಿನ್‌ಗೂ ಮುಟ್ಟಿಸೋ ಶಾಫ್ಟು ಬೆಲ್ಟು ಎಲ್ಲಾ ಹಳೇದೇ. ಹೇಳ್ಕೊಳ್ಳೋವಂಥ ಲಾಭ ಕಾಣಲಿಲ್ಲ. ಒಂದೊಂದು ಮಷಿನ್‌ಗೂ ಒಂದೊಂದು ಚಿಕ್ಕ ಮೋಟರ್ ಹಾಕಿ, ಕೆಲಸ ಸಾಗೋ ಕ್ರಮದಲ್ಲೇ ಮಷಿನ್ ಜೋಡಿಸಿ, ಕಟ್ಟಡಾನೇ ಬೇರೆ ಥರ ಕಟ್ಟೋಕೆ ಶುರು ಮಾಡಿದ್ಮೇಲೆ, ಅಂದ್ರೆ 1920ರ ದಶಕದ ಹೊತ್ತಿಗೆ, ಉತ್ಪಾದನೆ ಜಿಗಿದಿದ್ದು. ಈಗ ಎಐ ವಿಷಯದಲ್ಲೂ ವೆಬ್‌ಸೈಟ್ ಮೂಲೇಲಿ ಒಂದು ಚಾಟ್‌ಬಾಟ್ ಕೂರಿಸಿ ಆಯ್ತು ಅನ್ನೋರನ್ನ ನೋಡಿದ್ರೆ ನಂಗೆ ಆ ದೊಡ್ಡ ಮೋಟರೇ ನೆನಪಾಗುತ್ತೆ.

ಹಾಗಾದ್ರೆ ಚಿಕ್ಕ ಬಿಸಿನೆಸ್‌ನೋರು ಎಲ್ಲಿಂದ ಶುರು ಮಾಡ್ಬೇಕು? ಖರ್ಚು ಜಾಸ್ತಿ ಅಂತ ಇಷ್ಟು ದಿನ ಕೈಬಿಟ್ಟಿದ್ದ ಕೆಲಸ ಯಾವುದು ಅಂತ ನೋಡಿ. ಬರೋ ಪ್ರತಿಯೊಂದು ದೂರನ್ನೂ ಓದಿ ವಿಂಗಡಿಸೋದು, ನಾಲ್ಕೈದು ಭಾಷೇಲಿ ಗಿರಾಕಿಗೆ ಉತ್ತರ ಕೊಡೋದು, ಇಂಥವಕ್ಕೆಲ್ಲ ಮುಂಚೆ ಒಂದು ತಂಡಾನೇ ಬೇಕಿತ್ತು, ಈಗ ಎಐ ಸಹಾಯ ತಗೋಬಹುದು. ಆದ್ರೆ ಬೇರೆಯವರ ಪ್ಲಾಟ್‌ಫಾರ್ಮ್ ಮೇಲೆ ಇಡೀ ವ್ಯಾಪಾರ ನಿಲ್ಲಿಸಿದ್ರೆ ಅವರು ರೇಟ್ ಏರಿಸಿದ ದಿನ, ಇಲ್ಲಾ ರೂಲ್ಸ್ ಬದಲಾಯಿಸಿದ ದಿನ ಪೆಟ್ಟು ಬೀಳೋದು ನಮಗೇನೇ, ಅದಕ್ಕೆ ಗಿರಾಕಿಗಳ ಲಿಸ್ಟು, ಡೇಟಾ ಇವೆರಡೂ ಮೊದಲ ದಿನದಿಂದಲೇ ನಿಮ್ಮ ಹತ್ರ ಇರೋ ಹಾಗೆ ನೋಡ್ಕೊಳ್ಳಿ.