ಥೀಮ್ ಪಾರ್ಕ್‌ಗೆ ಒಬ್ಬಳೇ ಹೋದರೆ ಬೋರ್ ಆಗಲ್ವಾ?

ಓದುಗರ ಪ್ರಶ್ನೆ: ಕಚೇರಿ ಕೆಲಸದ ಮೇಲೆ ಜಪಾನ್‌ಗೆ ಹೋಗುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಟೋಕಿಯೊದಲ್ಲಿ ಒಂದು ದಿನ ಬಿಡುವಿದೆ. ಅಲ್ಲಿನ ಡಿಸ್ನಿ ಪಾರ್ಕ್ ನೋಡಬೇಕೆಂಬುದು ಬಹಳ ದಿನದ ಆಸೆ, ಆದರೆ ಜೊತೆಗೆ ಯಾರೂ ಇಲ್ಲ. ಒಬ್ಬಳೇ ಹೋದರೆ ಬೋರ್ ಆಗುವುದಿಲ್ಲವೇ? ಜನ ಒಂಥರಾ ನೋಡುವುದಿಲ್ಲವೇ? ಅಲ್ಲಿನ ತಿಂಡಿಗಳ ಬಗ್ಗೆಯೂ ಬಹಳ ಕೇಳಿದ್ದೇನೆ. ಮಾಂಸ, ಮೀನು ತಿನ್ನದವರಿಗೆ ಏನಾದರೂ ಸಿಗುತ್ತದೆಯೇ?

ಉತ್ತರ: ಎರಡನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಯಾರೂ ನೋಡುವುದಿಲ್ಲ. ಜಪಾನ್‌ನಲ್ಲಿ ಒಬ್ಬರೇ ಊಟಕ್ಕೆ ಹೋಗುವುದು, ಒಬ್ಬರೇ ಸಿನಿಮಾ ನೋಡುವುದು ತೀರಾ ಮಾಮೂಲು. ಡಿಸ್ನಿಯಲ್ಲೂ ಅಷ್ಟೇ. ಉದ್ದನೆಯ ಲೆನ್ಸ್ ಹಿಡಿದು ತಮ್ಮ ಇಷ್ಟದ ಡಾನ್ಸರ್ ಬರುವುದನ್ನೇ ಕಾಯುತ್ತಾ ಪೆರೇಡ್ ದಾರಿಯ ಪಕ್ಕ ಕೂತವರು, ಬ್ಯಾಗಿಗೆ ಡಫಿ ಕರಡಿಯ ಗೊಂಬೆ ಕಟ್ಟಿಕೊಂಡು ತಮ್ಮ ಪಾಡಿಗೆ ಓಡಾಡುವವರು ಒಬ್ಬರಲ್ಲ ಒಬ್ಬರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಬಾಗಿಲಲ್ಲಿ ಸಿಬ್ಬಂದಿ 'ಎಷ್ಟು ಜನ?' ಎಂದು ಕೇಳಿದಾಗ ಒಂದು ಬೆರಳು ಎತ್ತಿದರೆ ಸಾಕು. ಅಯ್ಯೋ ಪಾಪ ಎನ್ನುವ ಮುಖ ಯಾರೂ ಮಾಡುವುದಿಲ್ಲ.

ಬೋರ್ ವಿಷಯಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ರೈಡ್‌ನಲ್ಲಿ ಕೂತಿದ್ದಾಗ ಯಾರಿಗೂ ಬೋರ್ ಆಗುವುದಿಲ್ಲ. ಆದರೆ ರೈಡ್ ಇರುವುದು ಕೆಲವೇ ನಿಮಿಷ, ಅದಕ್ಕಾಗಿ ನಿಲ್ಲುವುದು ಒಂದು ಗಂಟೆ, ಕೆಲವೊಮ್ಮೆ ಎರಡು. ಜೊತೆಗೆ ಯಾರಾದರೂ ಇದ್ದರೆ ಆ ಹೊತ್ತು ಮಾತಿನಲ್ಲಿ ಕಳೆಯುತ್ತದೆ. ಒಬ್ಬರೇ ಇದ್ದಾಗ ಕೈ ತಾನಾಗಿ ಫೋನಿಗೆ ಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ. ಹಾಗಾಗಿ ಒಂಟಿಯಾಗಿ ಹೋಗುವವರು 'ಯಾವ ರೈಡ್ ಬಿಡಬಾರದು' ಎಂಬ ಪಟ್ಟಿ ಹಿಡಿದು ಓಡಬಾರದು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ರೈಡ್ ಎರಡೋ ಮೂರೋ ಇಟ್ಟುಕೊಳ್ಳಿ. ಉಳಿದ ದಿನವನ್ನು ತಿಂಡಿಯ ಸುತ್ತ ಹೆಣೆಯಿರಿ. ಈ ಬಂಡಿಯಿಂದ ಆ ಬಂಡಿಗೆ ನಡೆಯುವಷ್ಟರಲ್ಲಿ ಪಾರ್ಕ್ ತಾನಾಗಿ ನೋಡಿಯಾಗಿರುತ್ತದೆ.

ಅದಕ್ಕೇ, ಒಂದೇ ದಿನ ಇರುವುದಾದರೆ ಟೋಕಿಯೊ ಡಿಸ್ನಿಲ್ಯಾಂಡ್‌ಗಿಂತ ಪಕ್ಕದ ಡಿಸ್ನಿಸೀ ಆರಿಸಿ ಎನ್ನುತ್ತೇನೆ. ಡಿಸ್ನಿಲ್ಯಾಂಡ್ ಶುರುವಾದದ್ದು 1983ರ ಏಪ್ರಿಲ್‌ನಲ್ಲಿ. ಅಮೆರಿಕದ ಹೊರಗೆ ಮೊದಲು ಬಂದ ಡಿಸ್ನಿ ಪಾರ್ಕ್ ಅದೇ. ಡಿಸ್ನಿಸೀ ಬಂದದ್ದು 2001ರ ಸೆಪ್ಟೆಂಬರ್‌ನಲ್ಲಿ. ಹೆಸರು ಟೋಕಿಯೊ ಆದರೂ ಎರಡೂ ಇರುವುದು ಪಕ್ಕದ ಚಿಬಾ ಪ್ರಾಂತದ ಉರಾಯಾಸುವಿನಲ್ಲಿ. ನಡೆಸುತ್ತಿರುವುದು ಡಿಸ್ನಿಯೂ ಅಲ್ಲ, ಅದರಿಂದ ಲೈಸೆನ್ಸ್ ಪಡೆದ ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ. ತಿಂಡಿಯ ವಿಷಯದಲ್ಲಿ ಅಮೆರಿಕದ ಪಾರ್ಕ್‌ಗಳಿಗೂ ಇದಕ್ಕೂ ಇಷ್ಟು ವ್ಯತ್ಯಾಸ ಇರುವುದಕ್ಕೆ ಅದೂ ಒಂದು ಕಾರಣ ಇರಬೇಕು ಅಂತ ನನ್ನ ಗುಮಾನಿ. ಡಿಸ್ನಿಸೀ ಪೂರ್ತಿ ನೀರಿನ ಸುತ್ತ ಕಟ್ಟಿದ ಪಾರ್ಕ್. ಮಧ್ಯದಲ್ಲಿ ಪ್ರೊಮಿಥಿಯಸ್ ಎಂಬ ಜ್ವಾಲಾಮುಖಿ ಬೆಟ್ಟ, ಸುತ್ತ ಇಟಲಿಯ ಬಂದರು, ಹಳೆಯ ನ್ಯೂಯಾರ್ಕ್, ಅರೇಬಿಯಾದ ಓಣಿಗಳು. 2024ರ ಜೂನ್‌ನಲ್ಲಿ ಫ್ಯಾಂಟಸಿ ಸ್ಪ್ರಿಂಗ್ಸ್ ಎಂಬ ಎಂಟನೆಯ ಭಾಗವೂ ಸೇರಿತು. ಯಾವ ರೈಡನ್ನೂ ಹತ್ತದೆ ಸುಮ್ಮನೆ ಸುತ್ತಿದರೂ ದಿನ ಸಾಲದು. ಕಾಲು ನೋವು ಬಂದರೆ ಹಬೆ ದೋಣಿಯಂತೆ ಕಾಣುವ ಟ್ರಾನ್ಸಿಟ್ ಸ್ಟೀಮರ್ ಇದೆ, ಹತ್ತಿ ಕೂತುಬಿಡಬಹುದು.

ಟಿಕೆಟ್ ದರ ದಿನಕ್ಕೊಂದು. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ಲೆಕ್ಕದಲ್ಲಿ ದೊಡ್ಡವರಿಗೆ ಒಂದು ದಿನಕ್ಕೆ 7,900ರಿಂದ 10,900 ಯೆನ್. ಜನ ಕಡಿಮೆ ಬರುವ ವಾರದ ದಿನ ಅಗ್ಗ, ಶನಿವಾರ ಭಾನುವಾರ ದುಬಾರಿ. ಹೊರಡುವ ಮುನ್ನ ಅಧಿಕೃತ ತಾಣದಲ್ಲಿ ನಿಮ್ಮ ದಿನಾಂಕದ ದರ ನೋಡಿಕೊಂಡು ಅಲ್ಲೇ ಟಿಕೆಟ್ ತೆಗೆದುಕೊಂಡುಬಿಡಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್ ರಜೆ, ಮಾರ್ಚ್‌ನ ಶಾಲಾ ರಜೆ, ಇವೆರಡರಲ್ಲಿ ನಿಮ್ಮ ಬಿಡುವಿನ ದಿನ ಬಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ಒಬ್ಬರೇ ಹೋಗುವುದರ ದೊಡ್ಡ ಲಾಭ ಕಾಣುವುದು ದುಡ್ಡಿನಲ್ಲಿ. ಪ್ರೀಮಿಯರ್ ಆ್ಯಕ್ಸೆಸ್ ಎಂಬ ವ್ಯವಸ್ಥೆಯಿದೆ: ರೈಡ್‌ಗೆ ತಕ್ಕಂತೆ ತಲೆಗೆ ಸುಮಾರು 1,500ರಿಂದ 2,500 ಯೆನ್ ಕೊಟ್ಟರೆ ಉದ್ದನೆಯ ಕ್ಯೂ ತಪ್ಪುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಅದು ಎದೆ ಝಲ್ಲೆನ್ನಿಸುವ ಮೊತ್ತ. ನಿಮಗೆ ಒಂದೇ ತಲೆ. ಅತಿ ಉದ್ದ ಕ್ಯೂ ಇರುವ ಒಂದು ರೈಡ್‌ಗೆ ಇದನ್ನು ಕೊಂಡುಕೊಳ್ಳಿ. ಪಾರ್ಕ್ ಒಳಗೆ ಕಾಲಿಟ್ಟ ಮೇಲೆ ಟೋಕಿಯೊ ಡಿಸ್ನಿ ರೆಸಾರ್ಟ್ ಆ್ಯಪ್‌ನಲ್ಲಿ ಸಿಗುತ್ತದೆ. ಹೊಸ ರೈಡ್‌ಗಳದ್ದು ಬೇಗ ಖಾಲಿಯಾಗುತ್ತದೆ, ಹಾಗಾಗಿ ಗೇಟು ದಾಟಿದ ಕೂಡಲೇ ಮೊದಲ ಕೆಲಸ ಅದು, ಫೋಟೊ ಆಮೇಲೆ. ದಿನವಿಡೀ ಆ್ಯಪ್ ಮೇಲೆಯೇ ನಡೆಯುವುದರಿಂದ ಪವರ್ ಬ್ಯಾಂಕ್ ಮತ್ತು ಇಂಟರ್ನೆಟ್ ಇರುವ ಸಿಮ್ ಅತ್ಯಗತ್ಯ.

ಇನ್ನು ನಷ್ಟದ ಬಾಬ್ತು. ಕ್ಯೂನಲ್ಲಿ ನಿಂತ ಮೇಲೆ ಜಾಗ ಹಿಡಿದಿಡಲು ಯಾರೂ ಇರುವುದಿಲ್ಲ, ಆದ್ದರಿಂದ ಶೌಚಾಲಯಕ್ಕೆ ಹೋಗಿ ಬಂದೇ ಸಾಲಿಗೆ ಸೇರಿ. ಪೆರೇಡ್ ಮತ್ತು ಶೋಗಳಿಗೆ ನೆಲದ ಮೇಲೆ ಶೀಟ್ ಹಾಸಿ ಒಂದು ಗಂಟೆ ಮೊದಲೇ ಕೂರುವುದು ಅಲ್ಲಿನ ರೂಢಿ. ಗುಂಪಿನಲ್ಲಿ ಬಂದವರು ಒಬ್ಬರನ್ನು ಕೂರಿಸಿ ಉಳಿದವರು ತಿಂಡಿ ತರಲು ಹೋಗುತ್ತಾರೆ, ನಿಮಗೆ ಅದು ಆಗದು. ಬದಲಿಗೆ ಶೋ ಶುರುವಾಗುವ ಸ್ವಲ್ಪ ಮುಂಚೆ ಹೋಗಿ. ಎರಡು ಗುಂಪುಗಳ ನಡುವೆ ಒಬ್ಬರು ನುಸುಳುವಷ್ಟು ಜಾಗ ಎಲ್ಲಾದರೂ ಇದ್ದೇ ಇರುತ್ತದೆ, ಸಿಬ್ಬಂದಿಯೇ ಕರೆದು ತೋರಿಸುವುದೂ ಉಂಟು. ಸೆಲ್ಫಿ ಸ್ಟಿಕ್, ಟ್ರೈಪಾಡ್ ಎರಡಕ್ಕೂ ಅಲ್ಲಿ ನಿಷೇಧ. ಫೋಟೊ ಬೇಕಾದರೆ ಅಲ್ಲಿನ ಸಿಬ್ಬಂದಿಯ ಕೈಗೆ ಫೋನ್ ಕೊಡಿ. ಖುಷಿಯಿಂದ ತೆಗೆದುಕೊಡುತ್ತಾರೆ, ಅದೂ ಎಲ್ಲಿ ನಿಂತರೆ ಬೆಟ್ಟ ಪೂರ್ತಿ ಬರುತ್ತದೆ ಎಂದು ಹೇಳಿ ನಿಲ್ಲಿಸಿ.

ಈಗ ತಿಂಡಿ. ಟೋಕಿಯೊ ಡಿಸ್ನಿಯ ತಿಂಡಿಗಳಲ್ಲಿ ರಾಜ ಎಂದರೆ ಪಾಪ್‌ಕಾರ್ನ್. ಬಂಡಿಗೊಂದು ರುಚಿ: ಒಂದು ಕಡೆ ಕ್ಯಾರಮೆಲ್, ಇನ್ನೊಂದು ಕಡೆ ಕರಿ, ಮತ್ತೊಂದು ಕಡೆ ಸೋಯಾ ಸಾಸ್ ಮತ್ತು ಬೆಣ್ಣೆ, ಇನ್ನೆಲ್ಲೋ ಕರಿಮೆಣಸು. ರುಚಿಗಳು ಬದಲಾಗುತ್ತಿರುತ್ತವೆ, ಯಾವ ಬಂಡಿಯಲ್ಲಿ ಇವತ್ತು ಏನಿದೆ ಎಂಬುದು ಆ್ಯಪ್‌ನ ನಕ್ಷೆಯಲ್ಲಿ ಸಿಗುತ್ತದೆ. ಬಂಡಿ ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬಡಿಯುತ್ತದೆ. ಹತ್ತಿರ ಹೋದರೆ ಅಲ್ಲೂ ಶಿಸ್ತಾದ ಸಾಲು, ಸಾಲಿನಲ್ಲಿ ನಿಂತವರ ಕೊರಳಲ್ಲೆಲ್ಲ ಪ್ಲಾಸ್ಟಿಕ್ ಡಬ್ಬಿ. ಒಂದು ಪಾತ್ರದ ತಲೆಯ ಆಕಾರದ ಡಬ್ಬಿ, ಮೇಲೆ ಮುಚ್ಚಳ, ಪಟ್ಟಿ ಹಾಕಿ ನೇತುಹಾಕಿಕೊಳ್ಳುವ ವ್ಯವಸ್ಥೆ. ಒಮ್ಮೆ ಡಬ್ಬಿ ಕೊಂಡರೆ ಆಮೇಲೆ ಬೇರೆ ಬಂಡಿಯಲ್ಲಿ ಕಡಿಮೆ ದರಕ್ಕೆ ಮತ್ತೆ ತುಂಬಿಸಿಕೊಳ್ಳಬಹುದು. ಡಬ್ಬಿ ಅಗ್ಗವಲ್ಲ, ಮನೆಗೆ ತಂದ ಮೇಲೆ ಅದನ್ನು ಏನು ಮಾಡಬೇಕೆಂದೂ ತೋಚುವುದಿಲ್ಲ. ಆದರೂ ಒಬ್ಬರೇ ಹೋದವರಿಗೆ ಅದರ ಉಪಯೋಗ ನಿಜವಾಗಿಯೂ ಇದೆ. ರಟ್ಟಿನ ಡಬ್ಬದಲ್ಲಿ ಕೊಂಡರೆ ಒಂದು ಕೈ ಅದಕ್ಕೇ ಮೀಸಲು, ಒಂದೇ ಸಲಕ್ಕೆ ಅಷ್ಟನ್ನೂ ತಿನ್ನಲೂ ಆಗದು. ಮುಚ್ಚಳವಿದ್ದರೆ ಸ್ವಲ್ಪ ತಿಂದು ಮುಚ್ಚಿ ಮುಂದಿನ ಕ್ಯೂಗೆ ಇಟ್ಟುಕೊಳ್ಳಬಹುದು. ಕ್ಯೂನ ಬೇಸರಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಒಬ್ಬರೇ ತಿನ್ನುವಾಗ ಇನ್ನೊಂದು ತೊಡಕು: ಹಂಚಿಕೊಳ್ಳಲು ಯಾರೂ ಇಲ್ಲ. ಗುಂಪಿನವರು ಐದು ಬಗೆ ಕೊಂಡು ಎಲ್ಲದರಲ್ಲೂ ತುತ್ತು ಮುರಿಯುತ್ತಾರೆ. ಹೊಟ್ಟೆ ಒಂದೇ ಇರುವವರು ಸಣ್ಣ ಸಣ್ಣದನ್ನೇ ಆರಿಸಬೇಕು. ಆ ಲೆಕ್ಕದಲ್ಲಿ ನನ್ನ ಮೆಚ್ಚಿನದು ಲಿಟಲ್ ಗ್ರೀನ್ ಏಲಿಯನ್ ಮೋಚಿ. ಒಂದು ಪುಟ್ಟ ಕಪ್‌ನಲ್ಲಿ ಮೂರು ಹಸಿರು ಮುಖಗಳು, ಒಂದೊಂದಕ್ಕೂ ಮೂರು ಕಣ್ಣು, ಮೇಲೆ ಮೆತ್ತನೆಯ ಅಕ್ಕಿ ಹಿಟ್ಟಿನ ಪದರ. ಒಂದರೊಳಗೆ ಕಸ್ಟರ್ಡ್, ಒಂದರೊಳಗೆ ಸ್ಟ್ರಾಬೆರಿ, ಇನ್ನೊಂದರೊಳಗೆ ಚಾಕೊಲೇಟ್. ಮೂರು ರುಚಿ, ಮೂರೇ ತುತ್ತು. ಮೋಚಿ ಹಲ್ಲಿಗೆ ಅಂಟುವ ಪದಾರ್ಥ, ಇಡಿಯಾಗಿ ನುಂಗಲು ಹೋಗದೆ ಕಚ್ಚಿ ನಿಧಾನವಾಗಿ ತಿನ್ನಿ. ಹಿಟ್ಟನ್ನು ಕೋಲಿನಂತೆ ಮಾಡಿ ಕರಿದ ಚುರೋ ಕೂಡ ಹಾಗೆಯೇ, ನಡೆಯುತ್ತಾ ತಿಂದು ಮುಗಿಸುವಂಥದ್ದು. ಒಂದು ಖಾರ ಒಂದು ಸಿಹಿ ಎಂದು ಅದಲುಬದಲು ಮಾಡುತ್ತಾ ಹೋದರೆ ಮಧ್ಯಾಹ್ನದ ಊಟಕ್ಕೆಂದು ರೆಸ್ಟೊರೆಂಟ್ ಕ್ಯೂನಲ್ಲಿ ನಿಲ್ಲುವುದೇ ತಪ್ಪುತ್ತದೆ. ಒಂಟಿತನ ಚುಚ್ಚುವುದಿದ್ದರೆ ಅದು ರೈಡ್‌ನಲ್ಲಿ ಅಲ್ಲ, ನಾಲ್ಕು ಕುರ್ಚಿಯ ಮೇಜಿನ ಮುಂದೆ ಟ್ರೇ ಇಟ್ಟುಕೊಂಡು ಕೂತಾಗ.

ಸಸ್ಯಾಹಾರದ ವಿಷಯದಲ್ಲಿ ಮಾತ್ರ ಸಿಹಿಮಾತು ಹೇಳಲಾರೆ, ಕಷ್ಟವಿದೆ. ಡಿಸ್ನಿಸೀಯ ಹೆಸರಾಂತ ಗ್ಯೋಝಾ ಡಾಗ್ ಎಂಬ ಬನ್‌ನೊಳಗೆ ಇರುವುದು ಹಂದಿ ಮಾಂಸ. ಈಜುವಾಗ ಹಾಕಿಕೊಳ್ಳುವ ಟ್ಯೂಬಿನಂತೆ ದುಂಡಗಿರುವ ಉಕಿವಾ ಬನ್‌ನಲ್ಲಿ ಸೀಗಡಿ. ಅರೇಬಿಯನ್ ಕೋಸ್ಟ್‌ನಲ್ಲಿ ಹುಲಿಮರಿಯ ಬಾಲದಂತೆ ಕಾಣುವ ಚಂದೂ ಟೇಲ್‌ನಲ್ಲಿ ಕೋಳಿ ಕರಿ. ಇವು ಕಣ್ಣಿಗೆ ಕಾಣುವಂಥವು, ತಪ್ಪಿಸುವುದು ಸುಲಭ. ಕಷ್ಟ ಕಾಣದೇ ಇರುವುದರಲ್ಲಿ. ಜಪಾನ್‌ನಲ್ಲಿ ಪ್ಯಾಕೆಟ್ ತಿಂಡಿಯ ಮೇಲೆ ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಮುಂತಾದ ಅಲರ್ಜಿ ಪದಾರ್ಥಗಳನ್ನು ಬರೆಯುವುದು ಕಡ್ಡಾಯ. ದನದ ಮಾಂಸ, ಹಂದಿ, ಕೋಳಿ, ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆಯುವ ಜೆಲಟಿನ್ ಇವನ್ನು ಬರೆಯಿರಿ ಎಂದು ಶಿಫಾರಸು ಮಾತ್ರ. ಪಾರ್ಕ್‌ನವರು ಅಲರ್ಜಿ ಮಾಹಿತಿ ಕೊಡುತ್ತಾರೆ, ಅದನ್ನು ನೋಡಿ ಇವುಗಳಲ್ಲಿ ಕೆಲವನ್ನು ಗುರುತಿಸಬಹುದು. ಆದರೆ ಒಣಗಿಸಿ ಹೆರೆದ ಬೊನಿಟೊ ಮೀನಿನಿಂದ ಮಾಡುವ ದಾಶಿ ಸಾರು ಆ ಅಲರ್ಜಿ ಪಟ್ಟಿಯಲ್ಲಿ ಬರುವುದೇ ಇಲ್ಲ, ಜಪಾನಿ ಅಡುಗೆಯಲ್ಲಿ ಅದು ಎಲ್ಲೆಲ್ಲೂ ಇರುತ್ತದೆ. ಖಾರದ ಪಾಪ್‌ಕಾರ್ನ್‌ಗಳಲ್ಲೂ ಮಾಂಸದ ಅಥವಾ ಸೀಗಡಿಯ ಅಂಶದ ಪುಡಿ ಇರಬಹುದು. ಆದ್ದರಿಂದ 'ಮಾಂಸ, ಮೀನು, ಮೀನಿನ ಸಾರು, ಜೆಲಟಿನ್ ತಿನ್ನುವುದಿಲ್ಲ' ಎಂದು ಜಪಾನಿಯಲ್ಲಿ ಬರೆಸಿಕೊಂಡ ಒಂದು ಚೀಟಿ ಫೋನಿನಲ್ಲಿರಲಿ. ಬರೀ 'ವೆಜಿಟೇರಿಯನ್' ಎಂದರೆ ಎದುರಿಗಿರುವವರು ಮಾಂಸದ ತುಂಡು ಇಲ್ಲದ್ದನ್ನು ಕೊಟ್ಟು ನಿರಾಳರಾಗುತ್ತಾರೆ, ಒಳಗಿನ ಸಾರಿನ ಯೋಚನೆ ಬರುವುದಿಲ್ಲ. ಅವರ ತಪ್ಪೂ ಅಲ್ಲ.

ಪಟ್ಟು ಹಿಡಿದು ಪಾಲಿಸುವವರಾದರೆ ಬೆಳಗ್ಗೆ ಹೊಟ್ಟೆ ತುಂಬ ತಿಂದೇ ಹೊರಡಿ. ಮನೆಯ ಅಥವಾ ಹೊರಗಿನ ಊಟದ ಡಬ್ಬಿಯನ್ನು ಒಳಗೆ ಬಿಡುವುದಿಲ್ಲ. ಗೇಟಿನ ಹೊರಗೆ ಅದಕ್ಕೆಂದೇ ಪಿಕ್ನಿಕ್ ಜಾಗವಿದೆ. ಕೈಯಲ್ಲಿ ಉಳಿದ ಕಸವನ್ನು ಎಲ್ಲಿ ಹಾಕುವುದು ಎಂಬ ಚಿಂತೆ ಮಾತ್ರ ಪಾರ್ಕ್‌ನಲ್ಲಿಲ್ಲ. 1995ರಲ್ಲಿ ಟೋಕಿಯೊ ಮೆಟ್ರೊದಲ್ಲಿ ಸರಿನ್ ವಿಷಾನಿಲ ದಾಳಿ ನಡೆದ ಮೇಲೆ ಊರಿನ ಬೀದಿಗಳಲ್ಲಿ ಕಸದ ತೊಟ್ಟಿ ಕಾಣುವುದೇ ಅಪರೂಪ, ಚುರೋ ಕಾಗದವನ್ನು ಹೋಟೆಲ್‌ವರೆಗೆ ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಪಾರ್ಕ್ ಒಳಗೆ ಹೆಜ್ಜೆಗೊಂದು ತೊಟ್ಟಿ.

ಒಸಾಕಾಗೆ ಹೋಗುವವರೂ ಇದೇ ಪ್ರಶ್ನೆ ಕೇಳುವುದರಿಂದ ಎರಡು ಮಾತು. ಅಲ್ಲಿನ ಯೂನಿವರ್ಸಲ್ ಸ್ಟುಡಿಯೋಸ್ ಜಪಾನ್ ಒಂಟಿ ಪ್ರವಾಸಿಗರಿಗೆ ಇನ್ನೂ ಅನುಕೂಲ, ಕಾರಣ ಹಲವು ರೈಡ್‌ಗಳಲ್ಲಿ ಸಿಂಗಲ್ ರೈಡರ್ ಸಾಲು ಇದೆ. ನಾಲ್ಕು ಸೀಟಿನ ಸಾಲಿಗೆ ಮೂವರ ಗುಂಪು ಬಂದರೆ ಒಂದು ಸೀಟು ಖಾಲಿ ಉಳಿಯುತ್ತದಲ್ಲ, ಅದಕ್ಕೆ ಈ ಸಾಲಿನಿಂದ ಒಬ್ಬರನ್ನು ಕರೆಯುತ್ತಾರೆ. ಫ್ಲೈಯಿಂಗ್ ಡೈನೋಸಾರ್, ಹಾಲಿವುಡ್ ಡ್ರೀಮ್‌ನಂಥ ರೋಲರ್ ಕೋಸ್ಟರ್‌ಗಳಿಗೆ ಇದೇ ಸರಿಯಾದ ದಾರಿ. ಜನ ಹೆಚ್ಚಾದರೆ ಈ ಸಾಲನ್ನು ಮುಚ್ಚಿಬಿಡುತ್ತಾರೆ, ತೆರೆದದ್ದು ಕಂಡರೆ ಯೋಚಿಸದೆ ಸೇರಿ. ಒಂದು ಅಪವಾದ ಹ್ಯಾರಿ ಪಾಟರ್ ಕೋಟೆಯ ರೈಡ್. ಅಲ್ಲಿ ಸಾಮಾನ್ಯ ಸಾಲು ಮಾತನಾಡುವ ಭಾವಚಿತ್ರಗಳಿರುವ ಕೋಣೆಗಳ ಮೂಲಕ ಹೋಗುತ್ತದೆ, ಅದನ್ನು ತಪ್ಪಿಸಿಕೊಂಡರೆ ಅರ್ಧ ರೈಡ್ ತಪ್ಪಿದಂತೆ. ಮೊದಲ ಸಲ ಕಾದೇ ಹೋಗಿ. ಕೋಟೆಯ ಹೊರಗೆ ಸಿಗುವ ಬಟರ್‌ಬಿಯರ್‌ನಲ್ಲಿ ಹೆಸರಿಗೆ ಬಿಯರ್ ಇದ್ದರೂ ಮದ್ಯದ ಅಂಶವಿಲ್ಲ. ಸಿಹಿ ಮಾತ್ರ ವಿಪರೀತ, ನನಗೆ ಅರ್ಧ ಮಗ್ ಸಾಕಾಯಿತು.

ಮತ್ತೆ ಡಿಸ್ನಿಸೀಗೆ ಬಂದರೆ, ರಾತ್ರಿ ವಾಪಸಾಗುವ ಬಗ್ಗೆ ಮೊದಲೇ ಲೆಕ್ಕ ಹಾಕಿಕೊಳ್ಳಿ. ಕೊನೆಯ ಶೋ ಮುಗಿದ ಕೂಡಲೇ ಗೇಟಿನ ಹತ್ತಿರದ ಅಂಗಡಿಗಳಿಗೆ ಜನ ನುಗ್ಗುತ್ತಾರೆ. ಬಿಸ್ಕತ್ತು, ಚಾಕೊಲೇಟಿನ ಡಬ್ಬಿಗಳನ್ನು ಸಂಜೆಯೇ ಕೊಂಡು ಲಾಕರ್‌ನಲ್ಲಿಡಿ, ಅಥವಾ ಪಾರ್ಕ್ ಹೊರಗೆ ಮೈಹಾಮಾ ನಿಲ್ದಾಣದ ಬಳಿ ಇರುವ ಬಾನ್ ವಾಯಾಜ್ ಅಂಗಡಿಯಲ್ಲಿ ನೋಡಿ. ಮೈಹಾಮಾದಿಂದ ಟೋಕಿಯೊ ನಿಲ್ದಾಣಕ್ಕೆ ಜೆಆರ್ ಕೇಯೋ ಲೈನ್ ರೈಲಿನಲ್ಲಿ ಸುಮಾರು ಕಾಲು ಗಂಟೆ. ಆದರೆ ಟೋಕಿಯೊ ನಿಲ್ದಾಣದಲ್ಲಿ ಕೇಯೋ ಲೈನ್ ಪ್ಲಾಟ್‌ಫಾರ್ಮ್ ಉಳಿದವುಗಳಿಂದ ಬಹಳ ದೂರ. ನೆಲದಡಿಯ ದಾರಿಯಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ನಡೆಯಬೇಕು. ದಿನವಿಡೀ ಸುತ್ತಿದ ಕಾಲಿಗೆ ಅದು ಸಣ್ಣ ದೂರವಲ್ಲ. ಹೋಟೆಲ್ ಬುಕ್ ಮಾಡುವಾಗಲೇ ಕೇಯೋ ಲೈನ್‌ನ ಹಚ್ಚೋಬೋರಿ ನಿಲ್ದಾಣದ ಸುತ್ತಮುತ್ತ ಸಿಕ್ಕರೆ ಆ ನಡಿಗೆ ಉಳಿಯುತ್ತದೆ.