ಇಯರ್ ಪ್ಯಾಡ್ ಬದಲಿಸಿದರೆ ಹೆಡ್‌ಫೋನಿನ ದನಿ ಯಾಕೆ ಬದಲಾಗುತ್ತದೆ?

ನನ್ನ ಹೆಡ್‌ಫೋನಿನ ಪ್ಯಾಡ್ ಸಿಪ್ಪೆ ಏಳತೊಡಗಿತ್ತು. ತೆಗೆದಿಟ್ಟಾಗಲೆಲ್ಲ ಕಿವಿಯ ಹಿಂದೆ, ಕೆನ್ನೆಯ ಮೇಲೆ ಕಪ್ಪು ಚೂರುಗಳು. ಹೊಸ ಜೋಡಿ ತರಿಸಿಕೊಂಡೆ. ದಪ್ಪ, ಮೆತ್ತಗೆ, ನೋಡೋಕೂ ಚೆಂದ. ಹಾಕಿಕೊಂಡು ಹಾಡು ಹಚ್ಚಿದರೆ ಬೇಸ್ ಮಾಯ! ತಬಲಾದ ಎಡಗೈ ಪೆಟ್ಟು ತಗಡಿನ ಡಬ್ಬ ತಟ್ಟಿದ ಹಾಗೆ ಕೇಳುತ್ತಿತ್ತು. ಅದು ಸಾಲದು ಅಂತ ಹಾಡುಗಾರರ 'ಸ', 'ಶ' ಕಿವಿಗೆ ಚುಚ್ಚುತ್ತಿದ್ದವು. ದನಿ ಹೊರಡಿಸುವ ಪುಟ್ಟ ಸ್ಪೀಕರ್, ಅಂದರೆ ಡ್ರೈವರ್ ಅದೇ, ಫೋನ್ ಅದೇ, ಹಾಡೂ ಅದೇ. ಬದಲಾಗಿದ್ದು ಬರೀ ಎರಡು ದಿಂಬು.

ಯಾಕೆ ಹೀಗೆ ಅಂತ ಒಂದಷ್ಟು ಓದಿದೆ. ಪ್ಯಾಡನ್ನು ಹತ್ತಾರು ಸಲ ಬಿಚ್ಚಿ ಹಾಕಿ ನೋಡಿದೆ. ಆಗ ಬರೆದುಕೊಂಡಿದ್ದನ್ನು ನನ್ನ ಹಾಗೇ ಕಲಿಯುತ್ತಿರುವವರಿಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಚಿತ್ರ ತಲೆಯಲ್ಲಿ ಇರಲಿ. ಹೆಡ್‌ಫೋನ್ ಹಾಕಿಕೊಂಡಾಗ ಡ್ರೈವರಿಗೂ ಕಿವಿಗೂ ನಡುವೆ ಒಂದು ಪುಟ್ಟ ಕೋಣೆ ಆಗುತ್ತದೆ. ಒಂದು ಕಡೆ ಡ್ರೈವರ್, ಇನ್ನೊಂದು ಕಡೆ ಕಿವಿ ಮತ್ತು ಕೆನ್ನೆ, ಸುತ್ತಲಿನ ಗೋಡೆಯೇ ಪ್ಯಾಡ್. ಈ ಗೋಡೆಯಲ್ಲಿ ಬಿರುಕು ಇದೆಯಾ, ಕೋಣೆ ಎಷ್ಟು ದೊಡ್ಡದು, ಗೋಡೆಗೆ ಏನು ಹೊದಿಸಿದೆ ಅನ್ನೋದರ ಮೇಲೆ ದನಿ ನಿಂತಿದೆ. ಲೆದರಾ, ಮಖಮಲ್ಲಿನಂಥ ಬಟ್ಟೆ ವೆಲೂರಾ ಅಂತ ಎಲ್ಲರೂ ಜಗಳ ಆಡೋದು ಈ ಕೊನೆಯದರ ಬಗ್ಗೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಬಿರುಕು.

ಸೀಲ್ ಮತ್ತು ಸೋರಿಕೆ

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳನ್ನು ಸ್ವಲ್ಪ ಸಡಿಲವಾಗಿ ಇಟ್ಟುಕೊಳ್ಳಿ. ಹಿಡಿಯನ್ನು ನಿಧಾನ ಒತ್ತಿದರೆ ಗಾಳಿ ಸಂದಿಯಿಂದ ಸುಯ್ಯೆಂದು ಜಾರಿ ಹೋಗುತ್ತದೆ, ಬೆರಳಿಗೆ ಒತ್ತಡವೇ ತಟ್ಟುವುದಿಲ್ಲ. ರಪ್ಪನೆ ಒತ್ತಿ ನೋಡಿ. ಸಂದಿ ಅಷ್ಟೇ ಇದ್ದರೂ ಬೆರಳಿಗೆ ಒತ್ತಡ ಗೊತ್ತಾಗುತ್ತದೆ. ಗಾಳಿಗೆ ಹೊರಗೆ ಹೋಗೋಕೆ ಸಮಯ ಸಿಗಲಿಲ್ಲ, ಅಷ್ಟೇ.

ಹೆಡ್‌ಫೋನಿನಲ್ಲೂ ಇದೇ ಕತೆ. 50 ಹರ್ಟ್ಜ್ ಸ್ವರ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಸ್ವರ ಬರುವಾಗ ಡ್ರೈವರಿನ ಪೊರೆ ಒಂದು ದಿಕ್ಕಿಗೆ ಚಲಿಸಲು 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಪ್ಯಾಡಿನಡಿ ಸಂದಿ ಇದ್ದರೆ ಅಷ್ಟರಲ್ಲಿ ಗಾಳಿ ಹೊರಗೆ ಹೋಗಿ ಒತ್ತಡ ಸಮ ಆಗಿಬಿಡುತ್ತದೆ. 5 ಕಿಲೋಹರ್ಟ್ಜ್‌ನಲ್ಲಿ ಅದೇ ಚಲನೆಗೆ ಹಿಡಿಯೋದು 0.1 ಮಿಲಿಸೆಕೆಂಡ್. ಸಂದಿಯಲ್ಲಿರುವ ಗಾಳಿಗೆ ಅಲುಗಾಡೋಕೂ ಪುರಸೊತ್ತಿಲ್ಲ. ಅದಕ್ಕೇ ಸೋರಿಕೆ ಆದಾಗ ಮೊದಲು ಹೋಗುವುದು ಬೇಸ್. ಟ್ರೆಬಲ್ (ಮೇಲಿನ, ಚೂಪು ಸ್ವರಗಳು) ಇದ್ದ ಹಾಗೇ ಇರುತ್ತದೆ. ಆದರೆ ಕೆಳಗಿನದು ಹೋದಾಗ ಮೇಲಿನದು ಎದ್ದು ಕಾಣುತ್ತದಲ್ಲ, ಹಾಗಾಗಿ 'ಟ್ರೆಬಲ್ ಜಾಸ್ತಿ ಆಯ್ತು' ಅಂತ ನಮಗೆ ಅನ್ನಿಸುತ್ತದೆ. ಬಹಳ ಸಲ ಟ್ರೆಬಲ್ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ.

ಸೋರಿಕೆಗೆ ದೊಡ್ಡ ತೂತೇನೂ ಬೇಕಿಲ್ಲ. ಕನ್ನಡಕದ ಕಡ್ಡಿ ಪ್ಯಾಡನ್ನು ಒಂಚೂರು ಎತ್ತಿ ಹಿಡಿದರೆ ಸಾಕು. ದಟ್ಟ ಕೂದಲು, ಕಿವಿಯ ಕೆಳಗೆ ದವಡೆಯ ಹಿಂದಿರುವ ತಗ್ಗು, ಸಡಿಲವಾದ ತಲೆಪಟ್ಟಿ, ಇವೂ ಸಾಕು. ಒಂದೇ ಹೆಡ್‌ಫೋನನ್ನು ಒಬ್ಬರು 'ಬೇಸ್ ಅಂದ್ರೆ ಇದು' ಅಂತ ಹೊಗಳಿ, ಇನ್ನೊಬ್ಬರು 'ಸಪ್ಪೆ' ಅನ್ನೋದು ಇದರಿಂದಲೂ ಇರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಲೆ ಬೇರೆ ಬೇರೆ.

ಪರೀಕ್ಷೆ ಸುಲಭ. ಬೇಸ್ ಇರುವ ಹಾಡು ಹಚ್ಚಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ತಲೆಗೆ ಒತ್ತಿ. ಬೇಸ್ ಒಮ್ಮೆಲೇ ನುಗ್ಗಿ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಗಟ್ಟಿಯಾಗಿ ಅದುಮಬೇಡಿ, ಆಗ ಕೋಣೆಯೇ ಚಿಕ್ಕದಾಗಿ ಲೆಕ್ಕ ತಪ್ಪುತ್ತದೆ. ಕನ್ನಡಕ ಹಾಕುವವರು ಅದನ್ನು ತೆಗೆದು, ಹಾಕಿ, ಎರಡು ಸಲ ನೋಡಿ.

ನಾನೂ ಒತ್ತಿ ನೋಡಿದೆ. ಬೇಸ್ ಬಂತು, ಆದರೆ ಬಲಗಡೆ ಮಾತ್ರ ಅಷ್ಟು ದೊಡ್ಡ ವ್ಯತ್ಯಾಸ. ಒಂದೇ ಜೋಡಿ ಪ್ಯಾಡ್, ಒಂದೇ ತಲೆ, ಹಾಗಿದ್ದರೆ ಒಂದೇ ಕಡೆ ಯಾಕೆ? ಇದಕ್ಕೆ ಮತ್ತೆ ಬರುತ್ತೇನೆ.

ಇಲ್ಲಿ ಹೇಳಿದ್ದು ಕಿವಿಯನ್ನು ಪೂರ್ತಿ ಸುತ್ತುವ, ಮುಂಭಾಗ ಮುಚ್ಚಿದ ಹೆಡ್‌ಫೋನ್‌ಗಳಿಗೆ. ಕಪ್ಪಿನ ಹಿಂಭಾಗ ತೆರೆದಿರುವ ಓಪನ್ ಬ್ಯಾಕ್ ಮಾದರಿಗಳಲ್ಲೂ ಮುಂದಿನ ಕೋಣೆಗೆ ಸೀಲ್ ಬೇಕಾಗುವವು ಇವೆ. ಚಪ್ಪಟೆ ಪೊರೆಯ ಪ್ಲೇನಾರ್ ಡ್ರೈವರಿನ ಹೆಡ್‌ಫೋನ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೆಸರಿನಲ್ಲಿ ಓಪನ್ ಇದೆ ಅಂತ ಸೋರಿಕೆಯ ಬಗ್ಗೆ ಸುಮ್ನೆ ಇರೋ ಹಾಗಿಲ್ಲ.

ಕೋಣೆಯ ಅಳತೆ

ಗೋಡೆಯಲ್ಲಿ ಬಿರುಕಿಲ್ಲ ಅಂತ ಇಟ್ಟುಕೊಳ್ಳೋಣ. ಆಗ ಬೇಸಿನ ಮಟ್ಟ ಕೋಣೆಯ ಗಾತ್ರಕ್ಕೆ ತಕ್ಕಂತೆ ಇರುತ್ತದೆ. ಪೊರೆ ಅಷ್ಟೇ ದೂರ ಚಲಿಸಿದರೂ ಗಾಳಿ ಹೆಚ್ಚಿದ್ದರೆ ಒತ್ತಡ ಕಡಿಮೆ. ಗಾತ್ರ ಎರಡು ಪಟ್ಟಾದರೆ ಒತ್ತಡ ಅರ್ಧ, ಅಂದರೆ 6 ಡೆಸಿಬೆಲ್ ಕಡಿಮೆ. ಇದು ಕಾಗದದ ಮೇಲಿನ ಲೆಕ್ಕ. ಹಾಗಂತ ದಪ್ಪ ಪ್ಯಾಡ್ ಅಂದರೆ ಬೇಸ್ ಕಡಿಮೆ ಅಂತ ತೀರ್ಮಾನಕ್ಕೆ ಬರಬೇಡಿ. ದಪ್ಪ, ಮೆತ್ತನೆಯ ಪ್ಯಾಡ್ ಕೆನ್ನೆಗೆ ಚೆನ್ನಾಗಿ ಕೂತು ಮೊದಲಿದ್ದ ಸೋರಿಕೆಯನ್ನೇ ಮುಚ್ಚಬಹುದು. ಆಗ ಬೇಸ್ ಹೆಚ್ಚುತ್ತದೆ! ಒಂದೇ ಬದಲಾವಣೆಗೆ ತದ್ವಿರುದ್ಧ ಅನುಭವಗಳು ಸಿಗುವುದು ಇಲ್ಲೇ. ಹಳೇ ಪ್ಯಾಡ್ ಸೋರುತ್ತಿತ್ತಾ ಇಲ್ವಾ ಅಂತ ತಿಳಿಯದೆ ಯಾರ ಮಾತನ್ನೂ ನಂಬುವ ಹಾಗಿಲ್ಲ.

ಟ್ರೆಬಲ್‌ನಲ್ಲಿ ಆಟವೇ ಬೇರೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 100 ಹರ್ಟ್ಜ್ ಅಲೆಯ ಉದ್ದ 3.4 ಮೀಟರ್, ಆ ಪುಟ್ಟ ಕೋಣೆ ಅದಕ್ಕೆ ಲೆಕ್ಕಕ್ಕೇ ಇಲ್ಲ. 10 ಕಿಲೋಹರ್ಟ್ಜ್ ಅಲೆ ಬರೀ 3.4 ಸೆಂಟಿಮೀಟರ್. ಕಪ್ಪಿನ ಒಳಗಿನ ಅಗಲಕ್ಕಿಂತ ಚಿಕ್ಕದು. ಇಂಥ ಅಲೆ ಒಳಗೇ ಬಡಿದು ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಕೆಲವು ಕಡೆ ಸೇರಿ ಏರುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ.

ಒಂದು ಉದಾಹರಣೆ. ಎರಡು ಸಪಾಟು ಗೋಡೆಗಳ ನಡುವೆ 2 ಸೆಂಟಿಮೀಟರ್ ಅಂತರವಿದ್ದರೆ ಮೊದಲ ಅನುನಾದ (ಅಲೆಗಳು ಸೇರಿ ಸದ್ದು ಏರುವ ಜಾಗ) ಸುಮಾರು 8,600 ಹರ್ಟ್ಜ್‌ನಲ್ಲಿ ಬರುತ್ತದೆ. ಅಂತರವನ್ನು 5 ಮಿಲಿಮೀಟರ್ ಹೆಚ್ಚಿಸಿ, ಅದು 6,900ರ ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ಕಿವಿ ಸಪಾಟು ಗೋಡೆ ಅಲ್ಲ, ಸುರುಳಿ, ಏಣು, ತಗ್ಗು ಎಲ್ಲ ಇವೆ. ಹಾಗಾಗಿ ಈ ಅಂಕಿಗಳೇ ನಿಮ್ಮ ಹೆಡ್‌ಫೋನಿನಲ್ಲಿ ಸಿಗುವುದಿಲ್ಲ. ಆದರೆ ಕೆಲವೇ ಮಿಲಿಮೀಟರಿಗೆ ಏರುತಗ್ಗು ಎಷ್ಟು ಜರುಗುತ್ತದೆ ಅನ್ನೋ ಅಂದಾಜು ಸಿಕ್ಕಿತಲ್ವಾ? 'ಸ', 'ಶ'ಗಳ ಚುರುಕೆಲ್ಲ ಹೆಚ್ಚುಕಡಿಮೆ ಇದೇ ಜಾಗದಲ್ಲಿದೆ. ಮೊದಲು ಸದ್ದಿಲ್ಲದ ಕಡೆ ಇದ್ದ ಏರು ಜರುಗಿ ಬಂದು 'ಸ'ದ ಮೇಲೆ ಕೂತರೆ ಚುಚ್ಚದೆ ಇನ್ನೇನು.

ಹಿಂದೆ ದಪ್ಪ, ಮುಂದೆ ತೆಳ್ಳಗೆ ಇರುವ ಓರೆ ಪ್ಯಾಡ್‌ಗಳೂ ಬರುತ್ತವೆ. ಇವು ಡ್ರೈವರನ್ನು ಸ್ವಲ್ಪ ತಿರುಗಿಸಿ, ದನಿ ಮುಂದಿನಿಂದ ಬಂದಂತೆ ಕಿವಿಯ ಹಾಲೆಗೆ ತಾಗುವಂತೆ ಮಾಡುತ್ತವೆ. ಕೆಲವರಿಗೆ ಹಾಡು ತಲೆಯೊಳಗಿಂದ ಆಚೆಗೆ ಬಂದ ಹಾಗೆ ಅನ್ನಿಸುತ್ತದೆ. ನನಗೆ ಕಿವಿ ಪ್ಯಾಡಿನೊಳಗೆ ಮುದುಡದೆ ಕೂತಿತು, ಅಷ್ಟು ಲಾಭ.

ಲೆದರ್, ವೆಲೂರ್, ಫೋಮ್

ಹೊಸ ಪ್ಯಾಡ್ ಬಂದ ಕೂಡಲೇ ಒಂದು ಕೆಲಸ ಮಾಡಿ. ಅದರ ಹೊರಗೋಡೆಗೆ ತುಟಿ ಒತ್ತಿ ಊದಿ. ನೋಡಿದವರು ನಗಬಹುದು, ನಗಲಿ. ವೆಲೂರ್ ಆದರೆ ಉಸಿರು ಬಟ್ಟೆಯನ್ನೂ ಒಳಗಿನ ಫೋಮನ್ನೂ ದಾಟಿ ಆಚೆ ಹೋಗುತ್ತದೆ. ಲೆದರ್ ಅಥವಾ ಕೃತಕ ಲೆದರ್ ಆದರೆ ಕೆನ್ನೆ ಉಬ್ಬುತ್ತದೆ, ಉಸಿರು ಹೋಗುವುದಿಲ್ಲ. ವೆಲೂರ್ ಅಂದರೆ ಗೋಡೆಯ ಉದ್ದಕ್ಕೂ ಹರಡಿದ ಸಣ್ಣ ಸೋರಿಕೆ. ಲೆದರಿಗಾಗಿ ಹೊಂದಿಸಿದ ಹೆಡ್‌ಫೋನಿಗೆ ಅದನ್ನು ಹಾಕಿದರೆ ಸಾಮಾನ್ಯವಾಗಿ ತೀರ ಕೆಳಗಿನ ಬೇಸ್ ಸೊರಗುತ್ತದೆ. ಬಟ್ಟೆ, ಫೋಮ್ ಎರಡೂ ಮೇಲಿನ ಸ್ವರಗಳನ್ನು ಹೀರಿಕೊಳ್ಳುವುದರಿಂದ ಒಳಗಿನ ಪ್ರತಿಧ್ವನಿಯೂ ತಗ್ಗುತ್ತದೆ. ಲೆದರ್ ಬೇಸನ್ನು ಹಿಡಿದಿಡುತ್ತದೆ, ಆದರೆ ಅದರ ನುಣುಪು ಗೋಡೆ ಟ್ರೆಬಲನ್ನು ವಾಪಸ್ ತಳ್ಳುತ್ತದೆ. ಬೆವರೂ ಜಾಸ್ತಿ.

ಹೊರಗೆ ಲೆದರ್, ಒಳಗೋಡೆಗೆ ಬಟ್ಟೆ ಇರುವ ಮಿಶ್ರ ಪ್ಯಾಡ್ ಈ ಎರಡರ ನಡುವಿನ ರಾಜಿ. ತೂತು ಕೊರೆದ ಲೆದರ್ ಪ್ಯಾಡ್ ಕೊಳ್ಳುವಾಗ ತೂತು ಎಲ್ಲಿದೆ ಅಂತ ನೋಡಲೇಬೇಕು. ಒಳಗೋಡೆಯಲ್ಲಿ ಮಾತ್ರ ಇದ್ದರೆ ಸೀಲ್ ಉಳಿಯುತ್ತದೆ, ಫೋಮಿನೊಳಗಿನ ಗಾಳಿಯೂ ಕೋಣೆಯ ಗಾತ್ರಕ್ಕೆ ಸೇರಿಕೊಳ್ಳುತ್ತದೆ. ಹೊರಗೋಡೆಯಲ್ಲೂ ಇದ್ದರೆ ಅದು ಲೆದರಿನ ವೇಷ ಹಾಕಿದ ವೆಲೂರ್.

ಕೆಲವು ಪ್ಯಾಡ್‌ಗಳ ಒಳಗೆ ತುಂಬುವ ಮೆಮೊರಿ ಫೋಮ್ 1966ರಲ್ಲಿ ನಾಸಾ ಕೆಲಸಕ್ಕಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದ್ದು, ಉದ್ದೇಶ ವಿಮಾನದ ಸೀಟಿನ ದಿಂಬು. ಅದರ ಗುಣ ಏನಂದರೆ ಮೈ ಬಿಸಿ ತಾಗಿದಂತೆ ಮೆತ್ತಗಾಗುತ್ತದೆ. ಹಾಕಿಕೊಂಡ ಮೊದಲ ನಿಮಿಷದ ಸೀಲ್ ಬೇರೆ, ಐದು ನಿಮಿಷದ ನಂತರದ ಸೀಲ್ ಬೇರೆ. ಆದ್ದರಿಂದ ಹಾಕಿದ ಕೂಡಲೇ ತೀರ್ಪು ಕೊಡಬೇಡಿ. ಹೊಸ ಹೆಡ್‌ಫೋನ್ 'ಪಳಗಿದ ಮೇಲೆ' ದನಿ ಚೆನ್ನಾಯಿತು ಅಂತ ಹೇಳುವವರಿದ್ದಾರಲ್ಲ, ಅದರಲ್ಲಿ ಪಳಗಿದ್ದು ಡ್ರೈವರಿಗಿಂತ ಪ್ಯಾಡು ಮತ್ತು ಅವರ ಕಿವಿ ಅಂತಲೇ ನನ್ನ ಅನುಮಾನ.

ಸೀಲೇ ಬೇಡದ ವಂಶವೂ ಒಂದಿದೆ. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414 ಕಿವಿಯ ಮೇಲೆ ಬರೀ ಸ್ಪಂಜಿನಂಥ ಫೋಮ್ ಇಟ್ಟು ಕೇಳಿಸುತ್ತಿತ್ತು. ಗ್ರಾಡೊ ಹೆಡ್‌ಫೋನ್‌ಗಳದ್ದೂ ಫೋಮ್ ಪ್ಯಾಡೇ. ಇಂಥವುಗಳಲ್ಲಿ ಒತ್ತಡ ಕಟ್ಟುವ ಕೋಣೆ ಇಲ್ಲ, ಹಾಗಾಗಿ ಬೇಸ್ ನಿಂತಿರುವುದು ಡ್ರೈವರ್ ಕಿವಿಗೆ ಎಷ್ಟು ಹತ್ತಿರ ಅನ್ನೋದರ ಮೇಲೆ. ಚಪ್ಪಟೆ ಫೋಮ್ ಹಾಕಿದರೆ ಡ್ರೈವರ್ ಹತ್ತಿರ, ಬೇಸ್ ತುಂಬಿ ಬರುತ್ತದೆ. ಬಟ್ಟಲಿನ ಆಕಾರದ್ದನ್ನು ಹಾಕಿದರೆ ಡ್ರೈವರ್ ದೂರ, ನಡುವೆ ಅಡ್ಡ ಫೋಮೂ ಇಲ್ಲ, ದನಿ ತೆರೆದುಕೊಂಡು ಟ್ರೆಬಲ್ ಮಿಂಚುತ್ತದೆ.

ಹೋಲಿಸಿ ನೋಡೋದು ಹೇಗೆ?

ಇಲ್ಲೇ ಬಹಳ ಜನ ಎಡವುತ್ತಾರೆ. ಪ್ಯಾಡ್ ಬಿಚ್ಚಿ ಇನ್ನೊಂದು ಹಾಕೋಕೆ ಎರಡು ಮೂರು ನಿಮಿಷ ಬೇಕು. ದನಿಯ ಸೂಕ್ಷ್ಮ ಅಷ್ಟು ಹೊತ್ತು ನೆನಪಿನಲ್ಲಿ ನಿಲ್ಲುವುದಿಲ್ಲ. ಇನ್ನೊಂದು ತೊಡಕು ವಾಲ್ಯೂಮ್. ಸದ್ದು ಬದಲಾದಂತೆ ಬೇಸ್ ಕಿವಿಗೆ ಕೇಳುವ ಪ್ರಮಾಣವೂ ಬದಲಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ತುಸು ಜೋರಾಗಿ ಕೇಳಿದ್ದೇ ನಮಗೆ ಚೆಂದ ಅನ್ನಿಸಿಬಿಡುತ್ತದೆ.

ನಾನು ಮಾಡಿದ ಉಪಾಯ ಇದು. ಎಡಕ್ಕೆ ಹಳೇ ಪ್ಯಾಡ್, ಬಲಕ್ಕೆ ಹೊಸದು. ಫೋನಿನ ಸೆಟ್ಟಿಂಗಿನಲ್ಲಿ ಮೋನೋ ಮಾಡಿದರೆ ಎರಡೂ ಕಿವಿಗೆ ಒಂದೇ ಸದ್ದು ಬರುತ್ತದೆ. ಆಮೇಲೆ ಬ್ಯಾಲೆನ್ಸನ್ನು ಅತ್ತಿಂದಿತ್ತ ಎಳೆದರೆ ಕ್ಷಣದಲ್ಲಿ ಹೋಲಿಕೆ. ಕಿವಿಗಳೇ ಒಂದರಂತೆ ಇನ್ನೊಂದು ಇರುವುದಿಲ್ಲ, ಆದ್ದರಿಂದ ಹೆಡ್‌ಫೋನನ್ನು ತಿರುಗಿಸಿ ಹಾಕಿ ಇನ್ನೊಮ್ಮೆ ಕೇಳಬೇಕು. ವ್ಯತ್ಯಾಸ ಪ್ಯಾಡಿನ ಜೊತೆ ಆಚೆ ಕಿವಿಗೆ ಹೋದರೆ ಅದು ಪ್ಯಾಡಿನದ್ದು. ಇದ್ದ ಕಡೆಯೇ ಉಳಿದರೆ ನಿಮ್ಮ ಕಿವಿಯದ್ದು, ಇಲ್ಲವೇ ಆ ಕಡೆ ಪ್ಯಾಡ್ ಕೂರುವ ರೀತಿಯದ್ದು.

ಈ ಆಟದಲ್ಲೇ ಬಲಗಡೆಯ ಗುಟ್ಟು ಬಯಲಾಯಿತು. ಹೊಸ ಜೋಡಿಯ ಎಡ ಪ್ಯಾಡನ್ನು ಬಲಕ್ಕೆ ಹಾಕಿದೆ, ಬೇಸ್ ಸರಿ ಇತ್ತು. ಬಲದ್ದನ್ನೇ ಬಿಚ್ಚಿ ಮತ್ತೆ ಬಲಕ್ಕೆ ಹಾಕಿದೆ, ಈಗ ಅದೂ ಸರಿ! ಪ್ಯಾಡಿನ ಹಿಂದೆ ಕಪ್ಪಿನ ಅಂಚಿಗೆ ಸಿಕ್ಕಿಸುವ ತೆಳು ತುಟಿ ಇರುತ್ತದೆ. ಮೊದಲ ಸಲ ಹಾಕುವಾಗ ಅದು ಕೆಳಗಡೆ ಎರಡು ಬೆರಳಗಲ ಮಡಚಿಕೊಂಡಿತ್ತು. ಗಾಳಿ ಕೆನ್ನೆಯ ಕಡೆಯಿಂದಲ್ಲ, ಹಿಂದಿನಿಂದ ಸೋರುತ್ತಿತ್ತು. ನಾನು ಅದುವರೆಗೆ ಬಯ್ದಿದ್ದೆಲ್ಲ ಪಾಪದ ಫೋಮಿಗೆ.

ಹಳೇ ಪ್ಯಾಡ್ ಬಿಚ್ಚುವಾಗ ಒಂದು ಮಾತು. ಡ್ರೈವರಿನ ಮುಂದೆ ತೆಳ್ಳನೆಯ ಫೋಮ್ ಬಿಲ್ಲೆಯೋ ಬಟ್ಟೆಯೋ ಇರಬಹುದು. ಧೂಳು ತಡೆಯೋಕೆ ಇರೋದು ಅಂತ ಬಿಸಾಡಬೇಡಿ, ಟ್ರೆಬಲ್ ತಗ್ಗಿಸುವ ಕೆಲಸವೂ ಅದರದ್ದೇ ಇರಬಹುದು. ಹಳೇ ಪ್ಯಾಡಿಗೆ ಅಂಟಿಕೊಂಡು ಅದೂ ಕಸದ ಬುಟ್ಟಿ ಸೇರುವುದುಂಟು. ಶಬ್ದ ತಡೆಯುವ ಎಎನ್‌ಸಿ ಹೆಡ್‌ಫೋನ್ ಇದ್ದವರು ಇನ್ನೂ ಹುಷಾರಾಗಿರಿ. ಅವುಗಳ ಲೆಕ್ಕವೆಲ್ಲ ಮೂಲ ಪ್ಯಾಡಿನ ಸೀಲಿಗೂ ಆಳಕ್ಕೂ ಹೊಂದಿಸಿದ್ದು. ಬೇರೆ ಪ್ಯಾಡ್ ಹಾಕಿದರೆ ಹೊರಗಿನ ಸದ್ದು ಮೊದಲಿನಷ್ಟು ಅಡಗದೇ ಹೋಗಬಹುದು. ಯಾರೋ ಅಳತೆ ಮಾಡಿ ಕೊಟ್ಟ ಈಕ್ವಲೈಜರ್ (ಬೇಸ್, ಟ್ರೆಬಲ್‌ಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಸೆಟ್ಟಿಂಗೂ ಅಷ್ಟೇ, ಯಾವ ಪ್ಯಾಡಿನಲ್ಲಿ ಅಳೆದರೋ ಅದಕ್ಕೆ ಮಾತ್ರ ಸರಿ.

ತುಟಿ ಸರಿಯಾಗಿ ಕೂತ ಮೇಲೆ ನನ್ನ ಬೇಸ್ ವಾಪಸ್ ಬಂತು. 'ಸ'ದ ಚುಚ್ಚು ಮಾತ್ರ ಹೋಗಲಿಲ್ಲ, ಅದು ಪ್ಯಾಡಿನ ಆಳ ಮಾಡಿದ ಕೆಲಸ. ಈಕ್ವಲೈಜರ್ ತೆರೆದು ಆ ಚುಚ್ಚಿನ ಜಾಗ ಹುಡುಕಿದೆ, 7 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಸಿಕ್ಕಿತು. ಅಲ್ಲಿ 3 ಡೆಸಿಬೆಲ್ ಇಳಿಸಿದೆ, ಈಗ ಹಾಡು ಕೇಳುವಾಗ ಕೈ ವಾಲ್ಯೂಮಿನ ಕಡೆ ಹೋಗುತ್ತಿಲ್ಲ.